ಬ್ರೇಕಿಗೆ ಹಚ್ಚಿದ ಹರಳೆಣ್ಣೆ

ಬೆಟ್ಟದ ಮೇಲೆ ಒಂದು ಚಿಕ್ಕ ಮಠ. ಮಠಕ್ಕೆ ಒಬ್ಬರು ಗುರುಗಳು. ಆ ಸೀಮೆಯ ಜನ ಅವರನ್ನು ಗೌರವದಿಂದ 'ಬುದ್ಧಿ' ಎಂದು ಕರೆಯುತ್ತಿದ್ದರು.

ಮಹಾಲಿಂಗ ಅವರ ಶಿಷ್ಯ. ಪೂಜೆಗೆ ಹೂ ಬಿಡಿಸುವವನೂ ಅವನೇ, ಮಠದ ಹಳೆಯ ಕಾರು ಓಡಿಸುವವನೂ ಅವನೇ.

ಕೆಲವು ವಾರಗಳಿಂದ ಆ ಕಾರು, ಬ್ರೇಕ್ ತುಳಿದಾಗಲೆಲ್ಲ ಕಿರ್ರೆಂದು ಕಿರುಚುತ್ತಿತ್ತು. ಬೆಟ್ಟದ ಕೊನೆಯ ತಿರುವಿನಲ್ಲಿ ತುಳಿದರೆ ಗುರುಗಳ ಕೋಣೆಯವರೆಗೂ ಕೇಳುತ್ತಿತ್ತು.

ಮಠದಲ್ಲಿ ಅಡುಗೆ ಮಾಡುವ ಗೌರಮ್ಮಣ್ಣಿ ನಗುತ್ತಿದ್ದರು. "ನಿನ್ನ ಕಾರು ಬಂತು ಅಂದ್ರೆ ನನ್ನ ಹಾಲು ಒಡೆದೋಗುತ್ತೆ ಕಣೋ. ಅದಕ್ಕೇನು ಹೊಟ್ಟೆನೋವಾ?"

ಗುರುಗಳು ನಗಲಿಲ್ಲ. "ಜಪದ ಹೊತ್ತಿನಲ್ಲಿ ಆ ಸದ್ದು ನನಗೆ ಕೇಳಿಸಬಾರದು" ಎಂದರು. ಅಷ್ಟೇ ಎಂದರು, ಆದರೆ ಗಟ್ಟಿಯಾಗಿ ಎಂದರು.

ಗೌರಮ್ಮಣ್ಣಿಯ ಒಂದು ಕಣ್ಣಿಗೆ ಪೊರೆ ಬಂದಿತ್ತು. ಅದನ್ನು ತೆಗೆಸಲು ಬೆಟ್ಟದ ಕೆಳಗಿನ ಆಸ್ಪತ್ರೆಯಲ್ಲಿ ದಿನ ಗೊತ್ತಾಗಿತ್ತು. ದಾರಿ ಪೂರ್ತಿ ಇಳಿಜಾರು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಕಮರಿ. ಅವರನ್ನು ಆ ಕಾರಿನಲ್ಲಿ ಕರೆದುಕೊಂಡು ಹೋಗಬೇಕಾದವನು ಮಹಾಲಿಂಗ.

ಹಿಂದಿನ ದಿನ ಅವನು ಕಾರನ್ನು ಕೊಟ್ಟಿಗೆಯಿಂದ ಮೆಲ್ಲಗೆ ಹೊರತಂದು ಅಂಗಳದಲ್ಲಿ ನಿಲ್ಲಿಸಿದ. ಸದ್ದೇ ಬರಲಿಲ್ಲ.

ಜಗಲಿಯ ಮೇಲೆ ಕುಳಿತಿದ್ದ ಗುರುಗಳು ತಲೆಯೆತ್ತಿದರು. "ಸದ್ದು ಎಲ್ಲಿ ಹೋಯಿತು?"

"ಸರಿಮಾಡಿದೆ ಬುದ್ಧಿ."

"ಏನನ್ನು ಸರಿಮಾಡಿದೆ?"

"ಸದ್ದನ್ನು."

"ಕಾರು ನಿಲ್ಲುತ್ತದೆಯೋ?"

"ಸದ್ದೇ ಹೋದ ಮೇಲೆ ಇನ್ನೇನಿದೆ ಬುದ್ಧಿ?"

ಗುರುಗಳು ಎದ್ದು ಅಡುಗೆಮನೆಗೆ ಹೋದರು. ಸ್ವಲ್ಪ ಹೊತ್ತಿಗೆ ಒಂದು ಮಣ್ಣಿನ ಗಡಿಗೆ ಹಿಡಿದು ಬಂದು ಅಂಗಳದ ನಡುವೆ ಇಟ್ಟರು. ಹಿಂದೆಯೇ ಗೌರಮ್ಮಣ್ಣಿ ಬಂದರು.

"ಬುದ್ಧಿ, ಅದು ಮಜ್ಜಿಗೆ ಗಡಿಗೆ."

"ಖಾಲಿ ಮಾಡಿದ್ದೇನೆ."

"ಎಲ್ಲಿಗೆ ಸುರಿದ್ರಿ?"

"ಕುಡಿದೆ. ನೀನು ಬಾ, ಜಗಲಿ ಮೇಲೆ ನನ್ನ ಪಕ್ಕ ನಿಂತುಕೋ."

ಆಮೇಲೆ ಮಹಾಲಿಂಗನಿಗೆ ಹೇಳಿದರು: "ಗೇಟಿನ ಹತ್ತಿರದಿಂದ ಬಾ. ಸ್ವಲ್ಪ ಜೋರಾಗಿಯೇ ಬಾ. ಗಡಿಗೆಗಿಂತ ಮುಂಚೆ ನಿಲ್ಲಿಸು."

ಇದೇನು ದೊಡ್ಡ ಪರೀಕ್ಷೆ ಎಂದುಕೊಂಡ ಮಹಾಲಿಂಗ. ಗೇಟಿನಿಂದ ಹೊರಟ. ಗಡಿಗೆ ಇನ್ನೂ ದೂರವಿರುವಾಗಲೇ ಬ್ರೇಕ್ ತುಳಿದ. ಮತ್ತೆ ಇದ್ದ ಬಲವನ್ನೆಲ್ಲ ಹಾಕಿ ತುಳಿದ.

ಕಾರು ಕಿರುಚಲಿಲ್ಲ. ನಿಲ್ಲಲೂ ಇಲ್ಲ.

ಗಡಿಗೆಯನ್ನು ಪುಡಿಮಾಡಿ ಮುಂದೆ ಹೋಯಿತು. ಅವನು ಹ್ಯಾಂಡ್ ಬ್ರೇಕ್ ಎಳೆದ. ಕಾರು ಅಂಗಳದ ಕೊನೆಯ ಹುಲ್ಲಿನ ಮೆದೆಗೆ ಮೂತಿ ತೂರಿಸಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ.

ಮಹಾಲಿಂಗ ಇಳಿದ. ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟ.

ಗೌರಮ್ಮಣ್ಣಿ ಗಡಿಗೆಯ ಚೂರುಗಳನ್ನು ನೋಡುತ್ತ ನಿಂತಿದ್ದರು. "ನಾಳೆ ಆ ಕಾರಿನೊಳಗೆ ನಾನಿರ್ತಿದ್ದೆ" ಎಂದರು.

ಗುರುಗಳು ಶಿಷ್ಯನ ಪಕ್ಕಕ್ಕೆ ಬಂದು ಕುಳಿತರು. "ಏನು ಮಾಡಿದೆ?"

"ಡಿಸ್ಕಿಗೆ ಹರಳೆಣ್ಣೆ ಹಚ್ಚಿದೆ ಬುದ್ಧಿ."

ಡಿಸ್ಕ್ ಅಂದರೆ ಚಕ್ರದ ಜೊತೆಗೇ ತಿರುಗುವ ಲೋಹದ ತಟ್ಟೆ. ಬ್ರೇಕ್ ತುಳಿದಾಗ ಎರಡು ಪ್ಯಾಡುಗಳು ಅದನ್ನು ಎರಡು ಕಡೆಯಿಂದ ಒತ್ತಿ ಹಿಡಿಯುತ್ತವೆ. ಹಾಗೆ ಹಿಡಿದರೆ ಮಾತ್ರ ಕಾರು ನಿಲ್ಲುತ್ತದೆ.

"ಹಚ್ಚು ಅಂತ ಯಾರು ಹೇಳಿಕೊಟ್ಟರು?"

"ನೀವೇ ಬುದ್ಧಿ. ಹೆಬ್ಬಾಗಿಲು ಕಿರುಗುಟ್ಟಿದಾಗ ಹರಳೆಣ್ಣೆ ಬಿಡು ಅಂದ್ರಿ. ಬಿಟ್ಟೆ. ಸದ್ದು ನಿಂತುಹೋಯಿತು."

"ಬಾಗಿಲಿಗೆ ಎಣ್ಣೆ ಯಾಕೆ?"

"ಸಲೀಸಾಗಿ ತಿರುಗಲಿ ಅಂತ."

"ಚಕ್ರಕ್ಕೆ ಬ್ರೇಕ್ ಯಾಕೆ?"

ಮಹಾಲಿಂಗನಿಗೆ ಅರ್ಥವಾಯಿತು. ತಲೆ ತಗ್ಗಿಸಿ ಹೇಳಿದ: "ತಿರುಗದೇ ಇರಲಿ ಅಂತ."

"ಹಾಗಾದರೆ ಚಕ್ರ ಬಿಚ್ಚು. ಕಿರುಚಿದ್ದು ಯಾರು ಅಂತ ನೋಡೋಣ."

ಜ್ಯಾಕ್ ಕೊಟ್ಟು ಕಾರನ್ನು ಎತ್ತಿ ಮಹಾಲಿಂಗ ಮುಂದಿನ ಚಕ್ರ ಬಿಚ್ಚಿದ. ಪ್ಯಾಡು ಸವೆದು ಹಪ್ಪಳದಷ್ಟು ತೆಳ್ಳಗಾಗಿತ್ತು. ಅದರ ಅಂಚಿನಲ್ಲಿ ಪುಟ್ಟ ತಗಡಿನ ನಾಲಗೆಯೊಂದು ಡಿಸ್ಕಿಗೆ ತಾಗಿಕೊಂಡಿತ್ತು. ತಾಗಿದ ತುದಿ ಉಜ್ಜಿ ಉಜ್ಜಿ ಹೊಳೆಯುತ್ತಿತ್ತು.

"ಇದೇ ಬುದ್ಧಿ ಕಿರುಚಿದ್ದು. ಈ ತಗಡು."

"ಬಾಗಿ ತಾಗುತ್ತಿದೆಯೋ?"

ಮಹಾಲಿಂಗ ಇನ್ನೊಂದು ಕಡೆಯ ಚಕ್ರವನ್ನೂ ಬಿಚ್ಚಿದ. ಅಲ್ಲೂ ಅದೇ ತಗಡು, ಅದೇ ಜಾಗದಲ್ಲಿ. ಬಹಳ ಹೊತ್ತು ನೋಡಿದ.

"ಬಾಗಿಲ್ಲ ಬುದ್ಧಿ. ಪ್ಯಾಡು ಸವೆದ ಮೇಲೆ ತಾಗಲಿ ಅಂತಲೇ ಇಟ್ಟಿದ್ದಾರೆ. ಕಿರುಚಲಿ ಅಂತಲೇ."

ಗುರುಗಳು ಎದ್ದು ಒಳಗೆ ಹೋಗಿ ಕೆಳಗಿನ ಊರಿನ ಮೆಕ್ಯಾನಿಕ್ ರೆಹಮತ್‌ಗೆ ತಾವೇ ಫೋನ್ ಮಾಡಿದರು.

ರೆಹಮತ್ ಹೊಸ ಪ್ಯಾಡುಗಳನ್ನು ತೆಗೆದುಕೊಂಡು ಸ್ಕೂಟರಿನಲ್ಲಿ ಬಂದ. ಡಿಸ್ಕಿನ ಮೇಲೆ ಬೆರಳಾಡಿಸಿ ಮೂಸಿ ನೋಡಿದ. "ಏನ್ ಸ್ವಾಮಿ, ಬ್ರೇಕಿಗೆ ಹರಳೆಣ್ಣೆ ಕುಡಿಸಿದ್ದೀರಲ್ಲ, ಭೇದಿ ಆಗ್ಲಿಲ್ವಾ?"

ಆಗ ಮಹಾಲಿಂಗನಿಗೂ ನಗು ಬಂತು. ಅಳು ಬರುವಂತಿದ್ದವನಿಗೆ ನಗು ಬಂತು.

ರೆಹಮತ್ ಎಣ್ಣೆಯನ್ನೆಲ್ಲ ತೊಳೆದ. ಎರಡೂ ಕಡೆ ಹೊಸ ಪ್ಯಾಡು ಹಾಕಿದ. ಇನ್ನೊಂದು ಗಡಿಗೆ ಕೊಡಲು ಗೌರಮ್ಮಣ್ಣಿ ಒಪ್ಪಲಿಲ್ಲ. "ಈ ಬುಟ್ಟಿ ಇಟ್ಕೊಳ್ಳಿ, ಹೋದ್ರೆ ಹೋಗ್ಲಿ" ಎಂದು ಹಳೆಯ ಬಿದಿರಿನ ಬುಟ್ಟಿ ತಂದಿಟ್ಟರು.

ಮಹಾಲಿಂಗ ಗೇಟಿನಿಂದ ಬಂದು ಬ್ರೇಕ್ ತುಳಿದ. ಕಾರು ಬುಟ್ಟಿಗಿಂತ ಬಹಳ ಮುಂಚೆಯೇ ನಿಂತಿತು. ಅವನಿಗೆ ನಂಬಿಕೆ ಬರಲಿಲ್ಲ. ಮತ್ತೆ ಮತ್ತೆ ಗೇಟಿಗೆ ಹೋಗಿ ಬಂದ. ಪ್ರತಿ ಸಲವೂ ನಿಂತಿತು.

"ಸಾಕು ಮಾರಾಯ, ಹೊಸ ಪ್ಯಾಡನ್ನೂ ಸವೆಸಬೇಡ" ಎಂದ ರೆಹಮತ್.

ಬೆಳಿಗ್ಗೆ ಕಾರು ಬೆಟ್ಟ ಇಳಿಯಿತು. ಸಂಜೆ ವಾಪಸು ಹತ್ತಿ ಬಂತು. ಗೌರಮ್ಮಣ್ಣಿಯ ಕಣ್ಣಿಗೆ ಬಿಳಿ ಪಟ್ಟಿ ಕಟ್ಟಿದ್ದರು.

"ಹೋಗುವಾಗ ಹೆದರಿಕೆ ಆಯಿತೇ?" ಎಂದು ಗುರುಗಳು ಕೇಳಿದರು.

"ಎಲ್ಲಿ ಬುದ್ಧಿ, ನಿದ್ದೆ ಹತ್ತಿಬಿಡ್ತು. ಆಸ್ಪತ್ರೆ ಬಂತು ಅಂತ ಇವನೇ ಎಬ್ಬಿಸಿದ್ದು." ಹಾಗೆಂದು ಅವರು ಗೋಡೆ ಹಿಡಿದುಕೊಂಡು ಒಳಗೆ ಹೋದರು.

ಮಹಾಲಿಂಗ ಜಗಲಿಯ ಕೆಳಗೇ ನಿಂತಿದ್ದ. ಎದೆ ಹಗುರವಾಗಿತ್ತು, ಆದರೂ ಒಂದು ಮಾತು ಉಳಿದಿತ್ತು.

"ಬುದ್ಧಿ, ನೀವು ನನ್ನನ್ನು ಬೈಯಲೇ ಇಲ್ಲ."

"ಸದ್ದು ಶುರುವಾದದ್ದು ಯಾವಾಗ?"

"ಯುಗಾದಿ ಕಳೆದ ಮೇಲೆ."

"ಮೆಕ್ಯಾನಿಕ್‌ಗೆ ತೋರಿಸಬೇಕು ಅಂತ ಅಷ್ಟು ದಿನ ನನಗೆ ಯಾಕೆ ಹೇಳಲಿಲ್ಲ?"

"ಮೊದಲ ದಿನವೇ ಹೇಳಲು ಬಂದೆ. ನೀವು ಜಪದಲ್ಲಿದ್ರಿ. ಬಾಗಿಲ ಹೊರಗೆ ನಿಂತಿದ್ದು ಹೋದೆ. ಆಮೇಲೆ ಆ ಸದ್ದು ಕೇಳಿಸಬಾರದು ಅಂದ್ರಿ. ಅದರ ಮಾತೆತ್ತಲು ಹೆದರಿಕೆ ಆಯಿತು."

ಗುರುಗಳು ಕೈಯಲ್ಲಿದ್ದ ಜಪಮಾಲೆಯನ್ನು ನಿಧಾನವಾಗಿ ಕೆಳಗಿಟ್ಟರು.

"ಇನ್ನು ಮೇಲೆ ಜಪದ ಹೊತ್ತಿನಲ್ಲೂ ಬಾಗಿಲು ತಟ್ಟು" ಎಂದರು.