ಅಂಗಾತ ಬಿದ್ದ ಹುಂಜ

"ಉಸ್ತಾದರೇ, ಈ ಗರಡಿಯಲ್ಲಿ ನನ್ನಷ್ಟು ಎದೆ ಯಾರಿಗಿದೆ? ಹೀಗಿದ್ದೂ ಈ ಸಲದ ಕುಸ್ತಿಗೆ ನನ್ನ ಹೆಸರು ಯಾಕೆ ಕೊಡಲಿಲ್ಲ?"

ಕೇಳಿದವನು ಸಿದ್ದರಾಜು. ಕೇಳಿದ್ದು ಉಸ್ತಾದ್ ಜವರಪ್ಪನವರನ್ನು. ಯುಗಾದಿಯಿಂದೀಚೆಗೆ ಸಿದ್ದರಾಜು ಸಾಮು ಕಡಿಮೆ ಮಾಡಿದ್ದ. ಪೇಟೆಯ ಅಂಗಡಿಯಿಂದ ಮೈ ಬೆಳೆಸುವ ಪುಡಿಯನ್ನು ಡಬ್ಬಿಗಟ್ಟಲೆ ತಂದು ಹಾಲಿಗೆ ಕಲಸಿ ಕುಡಿಯುತ್ತಿದ್ದ. ಎದೆ ಬಂದಿತ್ತು, ತೋಳು ಬಂದಿತ್ತು. ಗರಡಿ ನೋಡಲು ಬಂದವರು ಅವನ ಎದೆ ಮುಟ್ಟಿ, ಒತ್ತಿ, ಭೇಷ್ ಎಂದು ಹೋಗುತ್ತಿದ್ದರು. ಇದೆಲ್ಲ ಉಸ್ತಾದರಿಗೆ ಗೊತ್ತಿತ್ತು. ಅವರು ಕುಸ್ತಿಯಾಡುವ ಮಟ್ಟಿಯ ಕೆಮ್ಮಣ್ಣನ್ನು ಸಲಿಕೆಯಿಂದ ತಿರುವಿ ಹಾಕುತ್ತಿದ್ದರು. ಸಲಿಕೆ ಬದಿಗಿಟ್ಟು ಅಂಚಿನಲ್ಲಿ ಕೂತರು, ಅವನನ್ನೂ ಕೂರಿಸಿದರು. ಬಯ್ಯಲಿಲ್ಲ. ಒಂದು ಕತೆ ಹೇಳಿದರು.

ಒಂದೂರಿನಲ್ಲಿ ಕೋಳಿ ಸಾಕುವ ಹೆಂಗಸೊಬ್ಬಳಿದ್ದಳು. ಹಿತ್ತಲಿನಲ್ಲಿ ನಾಲ್ಕು ಕೋಳಿ ಬಿಟ್ಟುಕೊಂಡ ಸಾಕಣೆಯಲ್ಲ ಅದು. ಉದ್ದನೆಯ ಶೆಡ್ಡುಗಳು, ಮೂಟೆ ಮೂಟೆ ಮೇವು, ವಾರ ವಾರವೂ ಬಂದು ಕೋಳಿ ತುಂಬಿಕೊಂಡು ಹೋಗುವ ವ್ಯಾಪಾರಿಯ ವ್ಯಾನು. ಗಂಡ ತೀರಿಕೊಂಡ ಮೇಲೆ ಅವಳೊಬ್ಬಳೇ ನಿಂತು ಕಟ್ಟಿದ್ದು. ಯಾರ ಮುಂದೂ ಕೈಚಾಚಿದವಳಲ್ಲ, ಯಾರ ಮಾತಿಗೂ ಸುಲಭಕ್ಕೆ ಬಗ್ಗಿದವಳಲ್ಲ. ಆ ಸೀಮೆಯಲ್ಲಿ ಕೋಳಿಯವಳು ಎಂದರೆ ಅವಳೇ.

ಅಲ್ಲಿಯ ಸಂತೆಯಲ್ಲಿ ಒಂದು ಪದ್ಧತಿ ಇತ್ತು. ಕೋಳಿ ಕೊಳ್ಳುವವನು ಅದರ ಕಣ್ಣು ನೋಡುವುದಿಲ್ಲ, ಕಾಲು ನೋಡುವುದಿಲ್ಲ. ಕೈಗೆತ್ತಿಕೊಂಡು ಎದೆಮೂಳೆಯ ಪಕ್ಕಕ್ಕೆ ಹೆಬ್ಬೆರಳು ಒತ್ತುತ್ತಾನೆ. ಬೆರಳು ಒಳಗಿಳಿದರೆ ಕೋಳಿಯನ್ನು ಕೆಳಗೆ ಬಿಡುತ್ತಾನೆ, ಇಳಿಯದಿದ್ದರೆ ಕೊಳ್ಳುತ್ತಾನೆ. ವ್ಯಾಪಾರಿಯೂ ಹಾಗೆಯೇ ಕೊಳ್ಳುತ್ತಿದ್ದ. ಹೆಬ್ಬೆರಳು ಹೇಳಿದ್ದೇ ವೇದವಾಕ್ಯ.

ಕೋಳಿಯವಳು ಜಾಣೆ. ಸಂತೆಗೆ ಏನು ಬೇಕೋ ಅದನ್ನೇ ಬೆಳೆಸೋಣ ಎಂದುಕೊಂಡಳು. ಮರಿ ಮಾಡಿಸಲು ಹುಂಜ ಆರಿಸುವಾಗಲೆಲ್ಲ ತಾನೇ ಒಂದೊಂದನ್ನೂ ಹಿಡಿದು ಎದೆ ಒತ್ತುತ್ತಿದ್ದಳು. ಯಾವುದರ ಎದೆ ಎಲ್ಲಕ್ಕಿಂತ ಗಟ್ಟಿಯೋ ಅದನ್ನು ಉಳಿಸಿಕೊಳ್ಳುತ್ತಿದ್ದಳು. ಅದರ ಮರಿಗಳಲ್ಲಿ ಇನ್ನೂ ಗಟ್ಟಿಯಾದದ್ದು ಯಾವುದೋ ಮುಂದಿನ ಸಲ ಅದು. ಮೇವಿಗೆ ಕೈಹಿಡಿತ ಮಾಡಲಿಲ್ಲ. ನಿನ್ನೆ ಮೊನ್ನೆ ಮೊಟ್ಟೆಯೊಡೆದು ಬಂದ ಮರಿ ನೋಡನೋಡುತ್ತ ಕೊಡದಂತೆ ಉಬ್ಬಿ ನಿಲ್ಲುತ್ತಿತ್ತು. ಗಟ್ಟಿ ಎಂದರೆ ಬಲ ಎಂದು ಅವಳು ತಿಳಿದಿದ್ದಳು. ವ್ಯಾಪಾರಿ ಹೊಗಳುತ್ತಿದ್ದ, ಅವಳು ಬೀಗುತ್ತಿದ್ದಳು.

ಕೋಳಿ ಕೂರಲು ಶೆಡ್ಡಿನೊಳಗೆ ಅಡ್ಡಲಾಗಿ ಬಿದಿರಿನ ಗಳ ಕಟ್ಟುವುದು ಅವಳ ಅತ್ತೆಯ ಕಾಲದ ರೂಢಿ. ಮೊದಲು ಆ ಗಳ ಅವಳ ಎದೆಯೆತ್ತರಕ್ಕಿತ್ತು. ಬರಬರುತ್ತ ಕೋಳಿಗಳು ಅಷ್ಟು ಎತ್ತರಕ್ಕೆ ಹಾರಲಾರದೆ ಕೆಳಗೇ ಉಳಿದವು. ಪಾಪ, ಅನುಕೂಲವಾಗಲಿ ಎಂದು ಗಳವನ್ನು ಸೊಂಟದ ಮಟ್ಟಕ್ಕೆ ಇಳಿಸಿದಳು. ಆಮೇಲೆ ಮೊಣಕಾಲಿಗೆ ಇಳಿಸಿದಳು. ಕಡೆಗೆ ನೆಲದ ಮೇಲೆಯೇ ಇಟ್ಟಳು. ಅದನ್ನು ದಾಟಲೂ ಕೋಳಿಗಳು ಎಡವಿದಾಗ ಕಿತ್ತು ಒಲೆಗೆ ಹಾಕಿದಳು. ಪ್ರತಿ ಸಲವೂ ಕೋಳಿಗೆ ಉಪಕಾರ ಮಾಡಿದೆ ಎಂದೇ ಅವಳ ಸಮಾಧಾನ.

ಒಂದು ಬೆಳಗ್ಗೆ ಅವಳ ಪಟ್ಟದ ಹುಂಜ ಶೆಡ್ಡಿನಲ್ಲಿ ಅಂಗಾತ ಬಿದ್ದಿತ್ತು. ಕಾಲು ಗಾಳಿಯಲ್ಲಿ ಆಡುತ್ತಿತ್ತು. ರೆಕ್ಕೆ ಬಡಿದು ಹೊರಳಲು ನೋಡುತ್ತಿತ್ತು, ರೆಕ್ಕೆ ಏಳುತ್ತಿರಲಿಲ್ಲ. ಅವಳು ನಕ್ಕು, ಉಂಡು ಕೊಬ್ಬಿದೆ ಎನ್ನುತ್ತ ಎತ್ತಿ ನಿಲ್ಲಿಸಿದಳು.

ಆ ವರ್ಷ ಅವಳ ಮಗಳ ಮದುವೆಯಾಯಿತು. ಮದುವೆಯ ಬೆನ್ನಿಗೇ ಬೀಗರೂಟ. ಗಂಡಿನ ಕಡೆಯವರು ಬಂದು ಮಾಂಸದೂಟ ಉಣ್ಣುತ್ತಾರೆ, ಉಣ್ಣುತ್ತ ಏನಾದರೊಂದು ಹುಳುಕು ಹುಡುಕಿ ಛೇಡಿಸುತ್ತಾರೆ. ಅದು ಸಂಪ್ರದಾಯ. ಛೇಡಿಸಲು ಅವರಿಗೆ ಒಂದು ಎಳೆಯೂ ಸಿಗಬಾರದು ಎಂದು ಕೋಳಿಯವಳ ಹಟ. ಕೋಳಿಯವಳ ಮಗಳು ಎಂದೇ ಆ ಮನೆಯಲ್ಲಿ ಮಗಳನ್ನು ಕರೆಯುತ್ತಿದ್ದರು. ಊಟ ಗೆದ್ದರೆ ಮಗಳು ಅಲ್ಲಿ ತಲೆಯೆತ್ತಿ ಬಾಳುತ್ತಾಳೆ ಎಂಬುದೊಂದೇ ಅವಳ ಮನಸ್ಸಿನಲ್ಲಿತ್ತು. ಇದ್ದುದರಲ್ಲಿ ಗಟ್ಟಿ ಎದೆಯ ಕೋಳಿಗಳನ್ನು ತನ್ನ ಹೆಬ್ಬೆರಳಿನಿಂದಲೇ ಆರಿಸಿದಳು.

ಮಸಾಲೆ ಅವಳೇ ಅರೆದಳು, ಒಲೆಯ ಮುಂದೆ ಅವಳೇ ಕೂತಳು. ಸೌದೆ ಉರಿದು ಬೂದಿಯಾಯಿತು. ಜಪ್ಪಯ್ಯ ಎಂದರೂ ಎದೆಯ ತುಂಡು ಮೆತ್ತಗಾಗಲಿಲ್ಲ. ಉಪ್ಪು ಖಾರ ಮೇಲೆಯೇ ನಿಂತವು, ಒಳಗಿಳಿಯಲಿಲ್ಲ. ಹೊತ್ತು ಮೀರಿತು, ಎಲೆ ಹಾಕಿದ್ದಾಗಿತ್ತು, ಬಡಿಸಿದರು. ಬೀಗರು ಅಗಿದರು. ಅಗಿದೇ ಅಗಿದರು. ಮಾಡಿದ್ದುಣ್ಣೋ ಮಹರಾಯ ಎನ್ನುತ್ತಾರೆ. ಇಲ್ಲಿ ಮಾಡಿದವಳು ಇವಳು, ಉಣ್ಣಬೇಕಾದವರು ಅವರು.

ಅಳಿಯನ ಅಜ್ಜಿ ಬಾಯೊಳಗಿನ ತುಂಡನ್ನು ಎಲೆಯ ಅಂಚಿಗೆ ಇಟ್ಟು ಕೇಳಿದಳು: "ಬೀಗ್ತಿ, ಕೋಳಿ ಬೇಯ್ಸಿದ್ದೀರೋ, ಕೊಟ್ಟಿಗೆ ಬಾಗ್ಲು ಬೇಯ್ಸಿದ್ದೀರೋ?"

ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಕೋಳಿಯವಳೂ ನಗಬೇಕಿತ್ತು, ನಗಲಾಗಲಿಲ್ಲ. ಮುದುಕಿ ಛೇಡಿಸಿರಲಿಲ್ಲ, ಇದ್ದದ್ದನ್ನು ಹೇಳಿದ್ದಳು. ಗಂಡನ ಪಕ್ಕ ಕೂತಿದ್ದ ಮಗಳು ತಲೆ ತಗ್ಗಿಸಿದ್ದು ಅವಳಿಗೆ ಕಂಡಿತು. ಅವಳಿಗೆ ಅಳು ಬಂತು, ಅಳುವಿಗಿಂತ ಹೆಚ್ಚಾಗಿ ಸಿಟ್ಟು ಬಂತು. ಯಾರ ಮೇಲೆ ಎಂದು ಮಾತ್ರ ಗೊತ್ತಾಗಲಿಲ್ಲ.

ಬೀಗರು ಹೋದ ಮೇಲೆ ಸೌದೆ ಹಸಿ ಇತ್ತು ಎಂದು ಬೈದಳು. ಪಾತ್ರೆಯ ತಳ ಸರಿಯಿಲ್ಲ ಎಂದು ಬೈದಳು. ಬೈಯಲು ಇನ್ನೇನೂ ಉಳಿಯದಾಗ, ಬೇಯಿಸದೆ ಮಿಕ್ಕಿದ್ದ ಒಂದು ಎದೆಯನ್ನು ಹಲಗೆಯ ಮೇಲಿಟ್ಟು ಕೊಯ್ದಳು. ಮಾಂಸ ಬಿಳಿಚಿಕೊಂಡಿತ್ತು. ಉದ್ದಕ್ಕೂ ಬಿಳಿ ಗೆರೆಗಳಿದ್ದವು. ಚೂರಿ ಹೋಗುತ್ತಿರಲಿಲ್ಲ. ಹೋದ ಕಡೆ ನೀರು ಒಸರಿತು.

ಮಾಂಸವನ್ನು ಅವಸರ ಮಾಡಿ ಬೆಳೆಸಬಹುದು ಸಿದ್ದರಾಜು, ನೆತ್ತರಿನ ದಾರಿ ಅದರ ಓಟಕ್ಕೆ ಬೆಳೆಯುವುದಿಲ್ಲ. ನೆತ್ತರು ಸಾಲದ ಕಡೆ ಮಾಂಸ ಒಳಗೊಳಗೇ ಸಾಯುತ್ತದೆ. ಸತ್ತ ಜಾಗದಲ್ಲಿ ನಾರು ಕೂರುತ್ತದೆ, ಕೊಬ್ಬು ಕೂರುತ್ತದೆ. ಮುಟ್ಟಿದವನಿಗೆ ಗಟ್ಟಿ ಎನ್ನಿಸುವುದು ಅದೇ. ಕೋಳಿ ಮಾತ್ರ ಬದುಕಿರುತ್ತದೆ, ಮೇವು ತಿನ್ನುತ್ತಿರುತ್ತದೆ.

ಇಷ್ಟೆಲ್ಲ ಅವಳಿಗೆ ತಿಳಿಯಿತೋ ಇಲ್ಲವೋ. ಆದರೆ ಅಂಗಾತ ಬಿದ್ದ ಹುಂಜ ನೆನಪಾಯಿತು. ಮಾರನೆಯ ಬೆಳಗ್ಗೆ ಶೆಡ್ಡಿಗೆ ಹೋಗಿ ಆ ಪಟ್ಟದ ಹುಂಜವನ್ನು ಹಿಡಿದು ಅಂಗಾತ ಮಲಗಿಸಿ ಕೈಬಿಟ್ಟಳು. ಅದು ಏಳಲಿಲ್ಲ. ಇನ್ನೊಂದನ್ನು ಮಲಗಿಸಿದಳು, ಅದೂ ಏಳಲಿಲ್ಲ. ಗಟ್ಟಿ ಎದೆಯವು ಎಂದು ಅವಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದವೆಲ್ಲ ಕಾಲು ಆಡಿಸುತ್ತ ಮಲಗಿದವು. ಎದೆಯಿಲ್ಲದ ಪೀಚು ಎಂದು ಅವಳು ದಿನವೂ ಅಟ್ಟುತ್ತಿದ್ದ ಹುಂಜವೊಂದು ಹಿತ್ತಲಿನಲ್ಲಿತ್ತು. ಅದನ್ನು ಮಲಗಿಸಲು ಹೋದರೆ ಬೆನ್ನು ನೆಲಕ್ಕೆ ತಾಗುವ ಮೊದಲೇ ರೆಕ್ಕೆ ಬಡಿದು, ಅವಳ ಮುಖಕ್ಕೆ ಧೂಳೆರಚಿ, ಮಾಡಿನ ಮೇಲೆ ಹೋಗಿ ಕೂತಿತು.

ಅವಳು ಧೂಳು ಒರೆಸಿಕೊಂಡು ಹೊಸ ಗಳ ತಂದಳು. ಮೊದಲಿದ್ದ ಎದೆಯೆತ್ತರಕ್ಕೇ ಕಟ್ಟಿದಳು. ಗಟ್ಟಿ ಎದೆಯವನ್ನು ಮಾರಲಿಲ್ಲ, ಅವುಗಳಿಂದ ಮರಿಯನ್ನೂ ಮಾಡಿಸಲಿಲ್ಲ. ತನ್ನ ತಪ್ಪು ತನ್ನ ಅಂಗಳದಲ್ಲೇ ಮುಗಿಯಲಿ ಎಂದಳು. ಪೀಚು ಹುಂಜವನ್ನೂ ಅದರಂಥ ಹೇಟೆಗಳನ್ನೂ ಹುಡುಕಿ ಮೊದಲಿನಿಂದ ಶುರು ಮಾಡಿದಳು. ಗಳ ಹತ್ತಿದ್ದು ಮರಿಗೆ, ಹತ್ತದ್ದು ಇಲ್ಲ. ಕೋಳಿ ನಿಧಾನವಾಗಿ ಬೆಳೆದವು. ಅಷ್ಟು ದಿನ ವ್ಯಾನು ಬರಿದೇ ಬಂದು ಬರಿದೇ ಹೋಯಿತು.

ಕೋಳಿ ಬಲಿತ ಮೇಲೆ ವ್ಯಾಪಾರಿ ತಾನೇ ಬಂದ. ಒಂದನ್ನು ಎತ್ತಿ ಹೆಬ್ಬೆರಳು ಒತ್ತಿದ. ಬೆರಳು ಇಳಿಯಿತು.

"ಏನವ್ವಾ ಇದು, ಎದೇನೇ ಇಲ್ಲ! ಹಳೆ ಕೋಳಿ ತಿಂದು ಯಾರಾದ್ರೂ ಸತ್ರಾ?"

"ಯಾರೂ ಸಾಯ್ನಿಲ್ಲ. ಅಗಿಯೋಕೂ ಆಗ್ನಿಲ್ಲ."

"ಊರಿಗೊಂದು ದಾರಿ ಆದ್ರೆ ಎಡವಟ್ಟಂಗೊಂದು ದಾರಿ. ಸಂತೆ ಪೂರಾ ಒತ್ತಿ ನೋಡೇ ತಗೊಳ್ಳೋದು. ಒಬ್ಬೊಬ್ಬರ ಹೆಬ್ಬೆಟ್ಟನ್ನೂ ತಿದ್ದೋಕಾಯ್ತದಾ ನಿನ್ನ ಕೈಲಿ?"

"ನಿಮ್ಮ ಹೆಬ್ಬೆಟ್ಟು ನಿಮ್ಮ ತಾವೇ ಇರ್ಲಿ. ನನ್ನ ಕೋಳಿ ಮ್ಯಾಲೆ ಮಾತ್ರ ಇನ್ನು ಇಡ್ಬ್ಯಾಡಿ."

ಅವನು ಕೋಳಿಯನ್ನು ಕೆಳಗೆ ಬಿಟ್ಟು, ಕೈ ಕೊಡವಿಕೊಂಡು ಹೋದ. ವ್ಯಾನು ಮತ್ತೆ ಆ ಬೀದಿಗೆ ಬರಲಿಲ್ಲ.

ಅವಳಿಗೆ ಭಯವಾಗಲಿಲ್ಲ ಎಂದರೆ ಸುಳ್ಳು. ಭಯವಾಯಿತು. ಆದರೂ ಬರುವ ಸಂತೆಗೆ ಎರಡು ಗೂಟ, ಒಂದು ಗಳ ಹೊತ್ತುಕೊಂಡು ಹೋದಳು. ನಟ್ಟನಡುವೆ ಗೂಟ ನೆಟ್ಟು, ಎದೆಯೆತ್ತರಕ್ಕೆ ಗಳ ಕಟ್ಟಿ, ಅದರ ಮೇಲೆ ಕೋಳಿ ಕೂರಿಸಿದಳು. ಜನ ನಕ್ಕರು. ಕೋಳಿಯವಳಿಗೆ ತಲೆ ಕೆಟ್ಟಿದೆ ಎಂದರು. ಒಬ್ಬ ಅಭ್ಯಾಸಬಲದಿಂದ ಹೆಬ್ಬೆರಳು ಚಾಚಿದ. ಅವಳು ಅವನ ಕೈಗೆ ಛಟೀರೆಂದು ಹೊಡೆದಳು.

"ಒತ್ಬ್ಯಾಡ. ಅಂಗಾತ ಮಲಗ್ಸು. ಎದ್ರೆ ತಗೋ, ಏಳ್ದಿದ್ರೆ ಬಿಡು."

ಅವನು ಬೈದು ಹೋದ. ಅವಳು ಆ ದಿನ ತಂದಷ್ಟೂ ಕೋಳಿಯನ್ನು ಹೊತ್ತು ಹಿಂದಿರುಗಿದಳು. ಮುಂದಿನ ಸಂತೆಗೂ ಗೂಟ ಹೊತ್ತಳು. ಅದರ ಮುಂದಿನದಕ್ಕೂ ಹೊತ್ತಳು. ಯಾರೋ ಒಬ್ಬ ತಮಾಷೆಗೆಂದು ಒಂದನ್ನು ಮಲಗಿಸಿ ನೋಡಿದ. ಅದು ಎದ್ದು ಅವನ ರುಮಾಲಿನ ಮೇಲೆಯೇ ಹತ್ತಿ ಕೂತಿತು. ನಾಚಿಕೆಗೋ ಇಷ್ಟಕ್ಕೋ, ಅದನ್ನೇ ಕೊಂಡು ಹೋದ.

ಅದೇ ವಾರ ಅವಳು ಬೀಗರಿಗೆ ಮತ್ತೆ ಊಟಕ್ಕೆ ಹೇಳಿ ಕಳಿಸಿದಳು. ಬೀಗರೂಟ ಎರಡು ಸಲ ಹಾಕಿದ್ದನ್ನು ಆ ಊರು ಕಂಡಿರಲಿಲ್ಲ. ಮಾನ ಮೂರು ಕಾಸಿಗೆ ಹೋದದ್ದು ಸಾಲದೇ ಎಂದು ನೆಂಟರು ತಡೆದರು. ಇದೇ ಪಂಕ್ತಿಯಲ್ಲಿ ಹೋದದ್ದು ಇದೇ ಪಂಕ್ತಿಗೆ ಬರಬೇಕು ಎಂದು ಅವಳು ಒಲೆ ಹಚ್ಚಿದಳು. ಈ ಸಲ ತುಂಡುಗಳು ಚಿಕ್ಕವಿದ್ದವು. ಅಜ್ಜಿ ಒಂದು ತುಂಡು ಬಾಯಿಗಿಟ್ಟಳು. ಪಂಕ್ತಿ ಪೂರ್ತಿ ಅವಳ ದವಡೆಯನ್ನೇ ನೋಡುತ್ತಿತ್ತು. ಮುದುಕಿ ನುಂಗಿ, ಎಲೆಯ ಸುತ್ತ ಹುಡುಕುವವಳಂತೆ ನೋಡಿ, "ಬೀಗ್ತಿ, ಬಾಗ್ಲು ಎಲ್ಲಿ?" ಎಂದಳು. ಎಲ್ಲರಿಗಿಂತ ಮೊದಲು ನಕ್ಕವಳು ಮಗಳು.

ಉಸ್ತಾದರು ಕತೆ ನಿಲ್ಲಿಸಿದರು. ಸಿದ್ದರಾಜು ಬಗ್ಗಲಿಲ್ಲ.

"ವ್ಯಾಪಾರಿ ಸೋತನಾ?"

"ಇಲ್ಲ. ಅವನಿಗೆ ಇನ್ನೊಂದು ಊರು ಸಿಕ್ಕಿತು. ಈಗಲೂ ಒತ್ತುತ್ತಿದ್ದಾನೆ."

"ಹಾಗಾದರೆ ನನಗೇಕೆ ಈ ಕತೆ, ಉಸ್ತಾದರೇ? ಕೋಳಿಗೆ ಬುದ್ಧಿಯಿಲ್ಲ, ಮುಂದೆ ಹಾಕಿದ್ದನ್ನು ತಿಂದಿತು. ನಾನು ಬೇಕೆಂದೇ ತಿನ್ನುತ್ತಿದ್ದೇನೆ. ನನ್ನ ಎದೆ, ನನ್ನ ಇಷ್ಟ."

ಉಸ್ತಾದರು ಎದ್ದು ಸಲಿಕೆ ಕೈಗೆತ್ತಿಕೊಂಡರು. ಮಣ್ಣಿಗೆ ಹಾಕುವ ಮೊದಲು ಒಮ್ಮೆ ಅವನ ಕಡೆ ತಿರುಗಿದರು.

"ಕೋಳಿಯ ಎದೆ ಸಂತೆಯ ಹೆಬ್ಬೆರಳಿಗೆ ಬೆಳೆಯಿತು, ನಿನ್ನದು ಯಾರ ಹೆಬ್ಬೆರಳಿಗೆ ಬೆಳೆಯುತ್ತಿದೆ, ಮಗನೇ?"