ಗೆರೆಗಿಂತ ಮೊದಲೇ ನಿಂತ ಕಾರು

ಚೆಲುವಾಜಮ್ಮಣ್ಣಿಯವರ ಮನೆತನ ನಾಲ್ಕು ತಲೆಮಾರಿನಿಂದ ಆ ಬೀದಿಯಲ್ಲಿ ಮರ್ಯಾದೆಯಿಂದ ಬಾಳಿದ್ದು. ಅಜ್ಜ ನ್ಯಾಯಾಧೀಶರು, ತಂದೆ ಕಾಲೇಜಿನ ಪ್ರಿನ್ಸಿಪಾಲರು. ಆ ಮನೆಯ ಬಾಗಿಲಿಗೆ ಪೊಲೀಸರು ಬಂದದ್ದೇ ಇರಲಿಲ್ಲ. ಆಯುಧಪೂಜೆಯ ಮರುದಿನ ಬಂದರು.

"ನಿಲುಗಡೆ ನಿಷೇಧದ ಹಳದಿ ಗೆರೆ ಕಾಣಿಸೋದಿಲ್ವೇನೋ?" ಎನ್ನುತ್ತ ಸಬ್ ಇನ್ಸ್‌ಪೆಕ್ಟರು ಮನೆ ಮುಂದೆ ನಿಂತಿದ್ದ ಅಮ್ಮಣ್ಣಿಯವರ ಕಾರಿನ ಡ್ರೈವರನ ಲೈಸೆನ್ಸ್ ಕಿತ್ತುಕೊಂಡರು. "ಬೆಳಿಗ್ಗೆ ಗೆರೆ ಬಳಿದ ಮೇಲೆ ಬೇಕಂತಲೇ ತಂದು ನಿಲ್ಲಿಸಿದ್ದೀಯ, ಕಳ್ಳ! ಕಾರು ಠಾಣೆಗೆ, ನಿನ್ನ ಲೈಸೆನ್ಸ್ ರದ್ದು."

ಕಾರು ಎಳೆಯುವ ಲಾರಿಯ ಕೊಕ್ಕೆ ಕೆಳಗಿಳಿಯಿತು. ಬೀದಿಯೆಲ್ಲ ನೋಡುತ್ತಿತ್ತು. ಅಮ್ಮಣ್ಣಿಯವರಿಗೆ ತಲೆ ಎತ್ತಲಾಗಲಿಲ್ಲ.

ಡ್ರೈವರ್ ಕೈಮುಗಿದ. "ಒಂದು ನಿಮಿಷ ಸಾರ್. ನಿನ್ನೆ ಪೂಜೆ ಮಾಡಿದ ಗಾಡಿ. ಇವತ್ತು ಮರುಪೂಜೆ ಆಗೋವರೆಗೆ ನಮ್ಮಲ್ಲಿ ಕದಲಿಸೋದಿಲ್ಲ. ಮುಂದಿನ ಎಡ ಚಕ್ರದ ಹತ್ತಿರ ಸ್ವಲ್ಪ ಬಗ್ಗಿ ನೋಡಿ."

ಅವರು ಬಗ್ಗಿದರು. ಚಕ್ರಕ್ಕೆ ಒತ್ತಿ ಇಟ್ಟಿದ್ದ ಪೂಜೆಯ ನಿಂಬೆಹಣ್ಣು ಅಪ್ಪಚ್ಚಿಯಾಗದೆ ಹಾಗೇ ಇತ್ತು. ಅದಕ್ಕೆ ಹಚ್ಚಿದ್ದ ಕುಂಕುಮದ ಮೇಲೆ ಗೆರೆಯ ಬಣ್ಣ ಬಿದ್ದು ಒಣಗಿತ್ತು.

"ಬಣ್ಣ ಬಳಿದವರು ಹಣ್ಣನ್ನೂ ಬಿಟ್ಟಿಲ್ಲ ಸಾರ್. ಕಾರು ಗೆರೆ ಹತ್ತಿರ ಹೋಗಲಿಲ್ಲ, ಗೆರೆಯೇ ಕಾರಿನ ಹತ್ತಿರ ಬಂತು. ಇವತ್ತು ಹುಟ್ಟಿದ ಕಾನೂನನ್ನ ನಿನ್ನೆ ನಾನು ಹೇಗೆ ಮುರೀಲಿ?"

ಬೀದಿಗೆ ಬೀದಿಯೇ ನಕ್ಕಿತು. ಕೊಕ್ಕೆ ಮೇಲೇರಿತು. ಅಮ್ಮಣ್ಣಿಯವರು ತಲೆ ಎತ್ತಿದರು.

ಸಬ್ ಇನ್ಸ್‌ಪೆಕ್ಟರು ಲೈಸೆನ್ಸನ್ನು ಅಮ್ಮಣ್ಣಿಯವರ ಕೈಗೆ ಕೊಟ್ಟು, "ಪೂಜೆ ಮುಗಿಸಿ ತೆಗೆಸಿಬಿಡಿ ಮೇಡಂ" ಎಂದು ಜೀಪಿನ ಕಡೆ ತಿರುಗಿದರು.

"ನಿಲ್ಲಿ," ಎಂದರು ಅಮ್ಮಣ್ಣಿಯವರು. "ನೀವು ಕಳ್ಳ ಅಂದದ್ದು ನಮ್ಮ ಡ್ರೈವರನ್ನು. ಅವನಲ್ಲಿ ಕ್ಷಮೆ ಕೇಳಿ."