ಆಣೆ ಮಾಡದ ನೆರೆಯವರು

ಶಿಷ್ಯನೊಬ್ಬ ಕೇಳಿದ: "ಗುರುಗಳೇ, ನನ್ನ ನೆರೆಯವನ ಮೇಲೆ ಸರ್ಕಾರವೇ ಅನುಮಾನ ಪಟ್ಟು ಠಾಣೆಗೆ ಒಯ್ದಿದೆ. ನಾನು ಅವನ ಪರ ನಿಲ್ಲುವುದು ಹೇಗೆ? ಅವನ ಎದೆಯೊಳಗೆ ಏನಿದೆಯೋ ಯಾರು ಕಂಡವರು?"

ಗುರುಗಳು, "ಹತ್ತಿರ ಬಾ, ಕೇಳು," ಎಂದು ಹೇಳತೊಡಗಿದರು.

ಕಡಲಾಚೆ ಒಂದು ರೇವಿನ ಊರು. ಅಲ್ಲಿ ಕ್ವೇಕರರೆಂಬ ಪಂಗಡದವರು ಕೆಲವರಿದ್ದರು. ಏಸುವನ್ನು ನಂಬಿದವರೇ. ಆದರೆ ಅವರ ಪ್ರಾರ್ಥನೆಯಲ್ಲಿ ಹಾಡಿಲ್ಲ, ಗಂಟೆಯಿಲ್ಲ, ಪಾದ್ರಿಯಿಲ್ಲ. ಎಲ್ಲರೂ ಕೂಡಿ ಸುಮ್ಮನೆ ಕೂರುವುದೇ ಅವರ ಪೂಜೆ. ಯಾರ ಮೇಲೂ ಆಯುಧ ಎತ್ತರು. ಮತ್ತೆ, ಎಂಥ ಕಷ್ಟ ಬಂದರೂ ಆಣೆ ಮಾಡರು. ಆಣೆ ಮಾಡಿದ ಮಾತು ಮಾತ್ರ ನಿಜವಾದರೆ ಉಳಿದ ದಿನ ಆಡಿದ ಮಾತೆಲ್ಲ ಏನು ಎನ್ನುವುದು ಅವರ ವಾದ.

ಅವರಲ್ಲಿ ಒಬ್ಬ ಬಡಗಿ. ಅವನ ಪಕ್ಕದ ಮನೆಯಲ್ಲಿ ಇದ್ರೀಸ್ ಎಂಬ ಮುಸಲ್ಮಾನ. ರೊಟ್ಟಿ ಸುಟ್ಟು ಮಾರುವುದು ಅವನ ಕಸುಬು.

ಯುದ್ಧ ಬಂತು. ಎದುರಾಳಿ ದೊರೆ ಮುಸಲ್ಮಾನ. ಅಷ್ಟೇ ಸಾಕಾಯಿತು, ಸರ್ಕಾರ ಊರಿನ ಮುಸಲ್ಮಾನರನ್ನೆಲ್ಲ ಓರೆಗಣ್ಣಿನಿಂದ ನೋಡತೊಡಗಿತು. ಅದು ರಂಜಾನ್ ತಿಂಗಳು. ಇದ್ರೀಸನ ಮನೆಯವರು ಬೆಳಕು ಹರಿಯುವ ಮೊದಲೇ ಎದ್ದು, ದೀಪ ಹಚ್ಚಿ, ಊಟ ಮುಗಿಸಿ ಉಪವಾಸ ಹಿಡಿಯುತ್ತಿದ್ದರು. ಆ ದೀಪ ಶತ್ರುವಿನ ಹಡಗಿಗೆ ತೋರಿಸುವ ಸನ್ನೆ ಎಂದು ಯಾರೋ ಚಾಡಿ ಹೇಳಿದರು. ಪೊಲೀಸರು ಇದ್ರೀಸನನ್ನು ಠಾಣೆಗೆ ಕರೆದೊಯ್ದು ಬೆಂಚಿನ ಮೇಲೆ ಕೂರಿಸಿದರು. ಸಂಜೆಯ ಗಾಡಿಯಲ್ಲಿ ದೂರದ ಸೆರೆಮನೆಗೆ ಕಳಿಸುವುದೆಂದು ತೀರ್ಮಾನವಾಯಿತು.

ಬಡಗಿಗೆ ಸುದ್ದಿ ಮುಟ್ಟಿತು. ಉಳಿ ಕೆಳಗಿಟ್ಟು ಠಾಣೆಗೆ ಬಂದ.

ಅಧಿಕಾರಿ ಧರ್ಮಗ್ರಂಥವನ್ನು ಮುಂದೆ ನೂಕಿದ. "ಇದರ ಮೇಲೆ ಕೈಯಿಟ್ಟು, ಇವನು ತಪ್ಪು ಮಾಡಿಲ್ಲ ಎಂದು ಆಣೆ ಮಾಡು. ಈಗಲೇ ಬಿಡುತ್ತೇನೆ."

"ನಮ್ಮಲ್ಲಿ ಆಣೆ ಮಾಡುವ ಪದ್ಧತಿ ಇಲ್ಲ ಸ್ವಾಮಿ," ಎಂದ ಬಡಗಿ.

ಇದ್ರೀಸ್ ಹೌಹಾರಿದ. "ಅಯ್ಯೋ ಅಣ್ಣಾ, ಒಂದು ಮಾತು ಹೇಳಿದರೆ ನಾಲಗೆ ಸವೆದು ಹೋಗುತ್ತದೆಯೇ? ನನ್ನ ಹೆಂಡತಿ ಮಕ್ಕಳ ಮುಖ ನೋಡು!"

"ನೋಡಿಯೇ ಬಂದೆನಪ್ಪಾ. ಸ್ವಲ್ಪ ಆ ಕಡೆ ಸರಿ," ಎಂದು ಬಡಗಿ ಅವನ ಪಕ್ಕದಲ್ಲೇ ಕೂತ.

ಸ್ವಲ್ಪ ಹೊತ್ತಿಗೆ ಬಡಗಿಯ ಹೆಂಡತಿ ಬಂದಳು. ಕೂತಳು. ಆಮೇಲೆ ಅವರ ಪಂಗಡದ ಉಳಿದವರು ಒಬ್ಬೊಬ್ಬರಾಗಿ ಬಂದರು. ಬೆಂಚು ತುಂಬಿತು, ನೆಲ ತುಂಬಿತು. ಯಾರೂ ತುಟಿಪಿಟಕ್ಕೆನ್ನಲಿಲ್ಲ. ಕೂಗಾಡುವವರ ಬಾಯಿ ಮುಚ್ಚಿಸುವುದು ಅಧಿಕಾರಿಗೆ ಗೊತ್ತಿತ್ತು. ಮೊದಲೇ ಬಾಯಿ ಮುಚ್ಚಿಕೊಂಡವರನ್ನು ಏನು ಮಾಡುವುದು? ಪೇದೆಯೊಬ್ಬ ಚಹಾ ತಂದ. ಇದ್ರೀಸ್, "ನನಗೆ ಉಪವಾಸ," ಎಂದ. "ಇವತ್ತು ನಮಗೂ," ಎಂದರು ಉಳಿದವರು. ಪಾಪ, ಪೇದೆ ಅಷ್ಟೂ ಚಹಾ ತಾನೇ ಕುಡಿದ.

ಅಧಿಕಾರಿ ರೇಗಿದ. "ಗಾಡಿ ಬಂದಾಗ ಏನು ಮಾಡುತ್ತೀರಿ?"

"ಹತ್ತುತ್ತೇವೆ," ಎಂದ ಬಡಗಿ.

"ಅದು ಸೆರೆಮನೆಗೆ ಹೋಗುವ ಗಾಡಿ!"

"ಜಾಗ ಸಾಲದಿದ್ದರೆ ನಿಂತುಕೊಂಡು ಬರುತ್ತೇವೆ."

ಸಂಜೆಯಾಗುತ್ತ ಬಂತು. ಅಧಿಕಾರಿ ಕುರ್ಚಿ ಎಳೆದುಕೊಂಡು ಬಡಗಿಯ ಎದುರು ಕೂತ. "ಆಣೆ ಬೇಡ ಮಾರಾಯ. ಸುಮ್ಮನೆ ಹೇಳು. ಇವನು ಎಂಥವನು?"

ಬಡಗಿ ನಿಧಾನವಾಗಿ ಹೇಳಿದ: "ಇವನ ಎದೆಯೊಳಗೆ ಇಳಿದು ನೋಡಿದವನಲ್ಲ ನಾನು. ಗೋಡೆಗೆ ಗೋಡೆ ತಾಗಿ ಬದುಕಿದವನು. ದೀಪ ಹಚ್ಚುವುದು ಊಟಕ್ಕೆ. ತಟ್ಟೆಯ ಸದ್ದು ನನ್ನ ಮನೆಗೆ ಕೇಳುತ್ತದೆ. ಇವನಿಗೆ ಸಿಟ್ಟು ಬೇಗ. ರೊಟ್ಟಿಗೆ ಉಪ್ಪು ಜಾಸ್ತಿ."

ಇದ್ರೀಸ್ ಎದ್ದೇ ನಿಂತ. "ಉಪ್ಪು ಜಾಸ್ತಿಯೇ? ಇಷ್ಟು ವರ್ಷ ಚಪ್ಪರಿಸಿ ತಿಂದು, ಹೇಳುವುದಕ್ಕೆ ಈ ಠಾಣೆಯೇ ಬೇಕಿತ್ತೇ ನಿನಗೆ?"

"ಇವತ್ತು ಕೇಳಿದರಲ್ಲಪ್ಪಾ."

ಅಧಿಕಾರಿ ಹೊಟ್ಟೆ ಹಿಡಿದುಕೊಂಡು ನಕ್ಕ. "ಗೆಳೆಯನ ತಲೆ ಉಳಿಸಬೇಕಾದಾಗಲೂ ಉಪ್ಪಿನ ವಿಷಯ ಮುಚ್ಚಿಡದವನು, ದೀಪದ ವಿಷಯದಲ್ಲಿ ಸುಳ್ಳು ಹೇಳಿಯಾನೇ? ಕರೆದುಕೊಂಡು ಹೋಗಿ. ಎಲ್ಲರೂ ಏಳಿ, ನನ್ನ ಠಾಣೆ ನನಗೆ ಬಿಡಿ!"

ಹೊರಗೆ ಬರುವಾಗ ಹೊತ್ತು ಮುಳುಗಿತ್ತು. ಠಾಣೆಯ ಮೆಟ್ಟಿಲ ಮೇಲೇ ನೀರು ಕುಡಿದು ಇದ್ರೀಸ್ ಉಪವಾಸ ಬಿಟ್ಟ, ಉಳಿದವರೂ ಬಿಟ್ಟರು. ಮನೆ ಮುಟ್ಟುವವರೆಗೂ ಅವನು ಉಪ್ಪಿನ ಜಗಳ ಮಾತ್ರ ಬಿಡಲಿಲ್ಲ.

ಶಿಷ್ಯ ನಕ್ಕ. ಆಮೇಲೆ ಕೇಳಿದ: "ಆ ಅಧಿಕಾರಿ ನಕ್ಕು ಬಿಟ್ಟುಬಿಟ್ಟ. ನಗದೇ ಹೋಗಿದ್ದರೆ, ಗುರುಗಳೇ?"

ಗುರುಗಳು ಹೇಳಿದರು: "ಗಾಡಿ ತುಂಬಿ ಹೋಗುತ್ತಿತ್ತು. ಅದಿರಲಿ, ನಿನ್ನ ನೆರೆಯವನ ಪಕ್ಕದಲ್ಲಿ ಈಗ ಯಾರು ಕೂತಿದ್ದಾರೆ?"